ಚಪಾತಿ ವೃತ್ತ ಎಂದರೆ ಮುಗಿಯಿತೇ?

ತಟ್ಟೆಯ ತಿಂಡಿ ತೋರಿಸಿ ಮಕ್ಕಳಿಗೆ ಆಕೃತಿ ಕಲಿಸುವ ಪಾಠಗಳು ಸಾಮಾನ್ಯವಾಗಿ ಹೆಸರಿಗೇ ನಿಂತುಬಿಡುತ್ತವೆ. ಚಪಾತಿ ವೃತ್ತ, ಲಾಡು ಗೋಳ, ಅಲ್ಲಿಗೆ ಪಾಠ ಮುಗಿಯಿತು. ಆದರೆ ಆ ಆಕಾರವೇ ಏಕೆ ಎಂದು ಕೇಳಿದಾಗಲಷ್ಟೇ ಗಣಿತ ಶುರುವಾಗುವುದು. ಕೋಡುಬಳೆಯ ನಡುವಿನ ತೂತು ಬರೀ ಚೆಂದಕ್ಕಲ್ಲ. ಎಣ್ಣೆ ಒಳಬದಿಗೂ ತಾಗಿ ಹಿಟ್ಟು ಸಮನಾಗಿ ಬೇಯುತ್ತದೆ. ಶಂಕರಪೋಳಿಯನ್ನು ನೋಡಿ. ಲಟ್ಟಿಸಿದ ಹಿಟ್ಟಿನ ಮೇಲೆ ಸಮಾಂತರ ಗೆರೆ ಎಳೆದು, ಮತ್ತೆ ಅಷ್ಟೇ ಅಂತರದಲ್ಲಿ ಓರೆಯಾಗಿ ಎಳೆದರೆ ವಜ್ರಾಕೃತಿಗಳು ಸಂದಿಲ್ಲದೆ ಸಿಗುತ್ತವೆ. ಅಂಚಿನ ಚೂರುಗಳಷ್ಟೇ ಉಳಿಯುವುದು. ಅದೇ ಹಿಟ್ಟಿಗೆ ಡಬ್ಬಿಯ ಮುಚ್ಚಳ ಒತ್ತಿ ಪೂರಿ ಮಾಡಿದರೆ ಲೆಕ್ಕವೇ ಬೇರೆ. ಅಂಚಿನ ಮಾತು ಬಿಟ್ಟರೂ, ನೇರ ಸಾಲುಗಳಲ್ಲಿ ಒತ್ತಿದರೆ ಸುಮಾರು ಶೇ. 78.5 ಹಿಟ್ಟು ಬಳಕೆಯಾಗುತ್ತದೆ. ಒಂದು ಸಾಲಿನ ಸಂದಿಗೆ ಮುಂದಿನ ಸಾಲು ಕೂರುವಂತೆ ಒತ್ತಿದರೆ ಶೇ. 90.7.

ಇದು ನಿನ್ನೆ ಮೊನ್ನೆ ಹುಟ್ಟಿದ ಬೋಧನಾ ತಂತ್ರವಲ್ಲ. ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಮದ್ದಳೆ, ಶಂಖಗಳ ಆಕೃತಿಯ ಜೊತೆಗೆ ಜವೆಗೋಧಿ ಕಾಳಿನ ಆಕೃತಿಗೂ ಅದರಲ್ಲಿ ಕ್ಷೇತ್ರಫಲದ ಲೆಕ್ಕವಿದೆ. ಹೆಸರು ಹೇಳಿ ಅವನು ಸುಮ್ಮನಾಗಲಿಲ್ಲ, ಅಳೆದ.

ಯಾವ ಚಪಾತಿಯೂ ನಿಜವಾದ ವೃತ್ತವಲ್ಲ, ಮಕ್ಕಳು ತಪ್ಪು ಕಲಿಯುತ್ತಾರೆ ಎಂಬ ಆಕ್ಷೇಪ ಉಂಟು. 12ನೇ ಶತಮಾನದ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲೇ ಇದಕ್ಕೆ ಉತ್ತರವಿದೆ. ಧಾನ್ಯದ ರಾಶಿಯ ಸುತ್ತಳತೆಯ ಆರನೇ ಒಂದು ಭಾಗವನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿ ಎನ್ನುತ್ತಾರೆ ಅವರು. ದಪ್ಪ ಕಾಳಾದರೆ ಎತ್ತರ ಸುತ್ತಳತೆಯ ಹತ್ತನೇ ಒಂದು ಭಾಗ, ಸಣ್ಣ ಕಾಳಾದರೆ ಹನ್ನೊಂದನೇ ಒಂದು. ದಪ್ಪ ಕಾಳಿನ ರಾಶಿಯ ಸುತ್ತಳತೆ 60 ಮೊಳವಿದ್ದರೆ ಗಾತ್ರ 600 ಘನಮೊಳ. ಪೈ ಬೆಲೆಯನ್ನು 3 ಎಂದು ಹಿಡಿದ ಸೂತ್ರವಿದು. ಸರಿಯಾಗಿ ಹಿಡಿದರೆ ಸುಮಾರು 573 ಬರುತ್ತದೆ. ಅದೇ ಪುಸ್ತಕದಲ್ಲಿ 3927/1250 ಎಂಬ ನಿಖರ ಬೆಲೆ ಕೊಟ್ಟವರಿಗೆ ಈ ವ್ಯತ್ಯಾಸ ತಿಳಿಯದ್ದೇನಲ್ಲ. ಕಣದ ಲೆಕ್ಕಕ್ಕೆ ಅಷ್ಟು ಸಾಕಿತ್ತು. ಎಲ್ಲಿ ಅಂದಾಜು ಸಾಕು, ಎಲ್ಲಿ ಸಾಲದು ಎಂಬ ವಿವೇಕವನ್ನು ಸೊಟ್ಟ ಚಪಾತಿ ಕಲಿಸಬಲ್ಲದು, ಕೈವಾರದ ವೃತ್ತ ಕಲಿಸಲಾರದು.

ಪ್ರಮೇಯಗಳ ಪಾಠ ಹಿಂದೆ ಬೀಳುತ್ತದೆ ಎಂಬ ಆತಂಕದಲ್ಲಿ ಹುರುಳಿದೆ. ಎಷ್ಟು ಮುಚ್ಚಳ ಒತ್ತಿದರೂ 90.7 ಸಾಧಿತವಾಗುವುದಿಲ್ಲ; ಅದಕ್ಕೆ ಕಾಗದ, ಕೈವಾರ ಬೇಕೇ ಬೇಕು. ಆದರೆ ಪ್ರಶ್ನೆಯೇ ಹುಟ್ಟದ ಮಗುವಿಗೆ ಸಾಧನೆ ಬಾಯಿಪಾಠವಾಗುತ್ತದೆ. ಪಠ್ಯಪುಸ್ತಕ ಬರೆಯುವವರು ತಿಂಡಿಯ ಚಿತ್ರದ ಕೆಳಗೆ ಹೆಸರಿನ ಜೊತೆ ‘ಏಕೆ?’, ‘ಎಷ್ಟು?’ ಎಂಬ ಎರಡು ಪ್ರಶ್ನೆಗಳನ್ನೂ ಸೇರಿಸಲಿ.