ಅವ್ವನ ಮಾರಿಯ ಉರಿ

ಹೋದ ಬೇಸಿಗೆಯಲ್ಲಿ ಹನುಮಸಾಗರಕ್ಕೆ ಹೋದಾಗ ಅವ್ವನ ಕೆನ್ನೆ, ಮೂಗಿನ ಮೇಲೆಲ್ಲ ಸಣ್ಣ ಗುಳ್ಳೆಗಳು. "ಬಿಸಲಿಗೆ ಆಗ್ಯಾವ ತಗೋ. ಒಲಿ ಮುಂದ ಕುಂತ್ರ ಮಾರಿ ಉರೀತೈತಿ, ಅಷ್ಟ" ಅಂದಳು. ಔಷಧಿ ಅಂಗಡಿಯವರು ಕೊಟ್ಟ ಮುಲಾಮು ಹಚ್ಚಿದರೆ ಎರಡು ದಿನ ತಂಪು, ಬಿಟ್ಟರೆ ದುಪ್ಪಟ್ಟು. ಟ್ಯೂಬ್ ತಿರುಗಿಸಿ ಓದಿದೆ... ಸ್ಟೀರಾಯ್ಡ್!

ಚರ್ಮದ ಡಾಕ್ಟರು ಹೇಳಿದ್ದು: ಮೊದಲೇ ಇದ್ದದ್ದು ರೊಸೇಶಿಯಾ, ಅದರ ಮೇಲೆ ಮುಲಾಮಿನ ಏಟು.

ರೊಸೇಶಿಯಾ ಅಂತ ನೆಟ್‌ನಲ್ಲಿ ಹುಡುಕಿದರೆ ಬರುವುದು ಹೆಚ್ಚಾಗಿ ಬಿಳಿಯರ ಕೆಂಪು ಮುಖಗಳೇ. ನಮ್ಮ ಕಂದು, ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣುವುದೇ ಕಷ್ಟ. ಹಾಗಾಗಿ ನಾವು ಬಣ್ಣ ಹುಡುಕುವುದಕ್ಕಿಂತ ಪ್ರಶ್ನೆ ಕೇಳಬೇಕು ಅನ್ನೋದು ನನ್ನ ವಾದ. ಬಿಸಿಲು, ಒಲೆಯ ಝಳ, ಬಿಸಿ ಚಹಾ, ಖಾರದಿಂದ ಮುಖ ಬಿಸಿಯೇರುತ್ತದೆಯೇ? ಸೋಪು ತಾಗಿದರೆ ಚುರುಗುಟ್ಟುತ್ತದೆಯೇ? ಗುಳ್ಳೆಗಳಿದ್ದರೂ ಮೊಡವೆಯಲ್ಲಿ ಕಾಣುವ ಕಪ್ಪು ಚುಕ್ಕೆಗಳು ಇಲ್ಲವೇ? ಕಣ್ಣಲ್ಲಿ ಮರಳು ಬಿದ್ದಂತಾಗುತ್ತದೆಯೇ? ಇದು ಕಣ್ಣಿಗೂ ತಗಲುವ ಕಾಯಿಲೆ. ಲೂಪಸ್‌ನಂಥ ಬೇರೆ ರೋಗದಲ್ಲೂ ಕೆನ್ನೆ ಕೆಂಪಾಗಬಹುದು, ಆದ್ದರಿಂದ ಕೊನೆಯ ಮಾತು ವೈದ್ಯರದೇ.

ಹಚ್ಚುವ ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಅವ್ವನಿಗೆ ಮಾತ್ರ ಯಾರೂ ಚೀಟಿ ಕೇಳಿರಲಿಲ್ಲ. ಬಹಳ ದಿನ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ, ರೊಸೇಶಿಯಾದಂಥದ್ದೇ ಗುಳ್ಳೆ ಏಳುತ್ತವೆ. ಹಚ್ಚುತ್ತಿದ್ದರೆ ಡಾಕ್ಟರಿಗೆ ಟ್ಯೂಬನ್ನೂ ತೋರಿಸಿ.

"ಉರೀತೈತಿ" ಅಂತ ಅವ್ವ ವರ್ಷಗಟ್ಟಲೆ ಹೇಳಿದ್ದಳು. ನಾನು ಬಿಸಿಲಿನ ಮೇಲೆ ಹಾಕಿ ಸುಮ್ಮನಿದ್ದೆ. ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ. ಏನಂತೀರಿ?