ಸರಾಸರಿಯ ಕಂಬದೊಳಗೆ ಅಡಗಿದ ತಾಲ್ಲೂಕುಗಳು

ಪ್ರಾದೇಶಿಕ ಅಸಮತೋಲನದ ಚರ್ಚೆ ಎದ್ದಾಗ ನಮಗೆ ಸಾಮಾನ್ಯವಾಗಿ ಕಾಣಸಿಗುವುದು ಕಂಬಗಳ ಚಿತ್ರ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ವಿಭಾಗಗಳಿಗೆ ಒಂದೊಂದು ಕಂಬ. ಕಂಬದ ಎತ್ತರವೇ ಸರಾಸರಿ. ನೋಡಲು ಅಚ್ಚುಕಟ್ಟು, ಆದರೆ ಇದು ಅರ್ಧ ಸತ್ಯ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯನ್ನೇ ತೆಗೆದುಕೊಳ್ಳಿ. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಅಂದಿನ 175 ತಾಲ್ಲೂಕುಗಳ ಅಭಿವೃದ್ಧಿಯನ್ನು ಅಳೆದಾಗ 114 ತಾಲ್ಲೂಕುಗಳು ಅದಕ್ಕಿಂತ ಕೆಳಗಿದ್ದವು. ಎಲ್ಲವನ್ನೂ ಮೇಲಿನಿಂದ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವುದು 88ನೆಯ ತಾಲ್ಲೂಕು. ಅದು ಕೂಡ ಹಿಂದುಳಿದ ಪಟ್ಟಿಯಲ್ಲೇ ಇದೆ! ಮೇಲಿನ ಕೆಲವು ತಾಲ್ಲೂಕುಗಳು ಸರಾಸರಿಯನ್ನು ಮೇಲಕ್ಕೆಳೆದಿವೆ. ನಟ್ಟನಡುವಿನ ಮೌಲ್ಯ, ಅಂದರೆ ಮಧ್ಯಾಂಕ, ಅದರ ಕೆಳಗೆ ಕೂತಿದೆ. ಇನ್ನೂ ಒಂದು ಸಂಗತಿ: ಆ 114ರಲ್ಲಿ ಅತ್ಯಂತ ಹಿಂದುಳಿದವೆಂದು ಸಮಿತಿ ಗುರುತಿಸಿದ 39ರಲ್ಲಿ 26 ಉತ್ತರ ಕರ್ನಾಟಕದವು, ನಿಜ, ಉಳಿದ 13 ದಕ್ಷಿಣದವು. ರಾಜಧಾನಿಯ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿಗಳೂ ಅವುಗಳಲ್ಲಿ ಸೇರಿವೆ. ಬೆಂಗಳೂರು ವಿಭಾಗದ ಎತ್ತರದ ಕಂಬದಲ್ಲಿ ಇವು ಕಾಣುವುದೇ ಇಲ್ಲ.

ಹಾಗಾದರೆ 1970ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಜಾನ್ ಟುಕಿ ಬಳಕೆಗೆ ತಂದ ಬಾಕ್ಸ್ ಪ್ಲಾಟ್ ಬರೆದರಾಯಿತಲ್ಲ ಎನ್ನಬಹುದು. ಕಂಬಕ್ಕಿಂತ ಅದು ಎಷ್ಟೋ ವಾಸಿ: ಮಧ್ಯಾಂಕ, ನಡುವಿನ ಅರ್ಧದ ಹರವು, ಎರಡು ತುದಿಗಳು ಒಟ್ಟಿಗೆ ಸಿಗುತ್ತವೆ. ಆದರೆ ಎಲ್ಲ ಕಡೆಗೂ ಅದು ಸಲ್ಲದು. ನಮ್ಮ ಮಳೆಯನ್ನೇ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಚಳ್ಳಕೆರೆಯ ಕಡೆ 500ರ ಆಸುಪಾಸು. ಕರಾವಳಿ-ಮಲೆನಾಡಿನದೊಂದು ಗುಂಪು, ಬಯಲುಸೀಮೆಯದು ಇನ್ನೊಂದು. ಹೀಗೆ ಎರಡು ಗುಂಪಿದೆ ಎಂಬುದನ್ನು ಬಾಕ್ಸ್ ನುಂಗಿಬಿಡುತ್ತದೆ. ಪ್ರತಿ ಅಂತರದಲ್ಲಿ ಎಷ್ಟಿವೆ ಎಂದು ತೋರಿಸುವ ಹಿಸ್ಟೋಗ್ರಾಮ್‌ನಲ್ಲಿ ಅದು ಎದ್ದು ಕಾಣುತ್ತದೆ. ಲಕ್ಷಾಂತರ ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಗಳಿಗೂ ಹಿಸ್ಟೋಗ್ರಾಮ್ ಬೇಕು, ಪಾಸಿನ ಗೆರೆಯ ಬಳಿ ಗುಂಪುಗಟ್ಟಿದೆಯೇ ಎಂದು ಪರೀಕ್ಷಿಸಲಾದರೂ. ನೂರಿನ್ನೂರು ತಾಲ್ಲೂಕುಗಳಿಗಾದರೆ ಚುಕ್ಕಿ ನಕ್ಷೆಯೇ ಸಾಕು.

ಓದುಗರಿಗೆ ಇದೆಲ್ಲ ಅರ್ಥವಾಗದು ಎಂಬ ಆಕ್ಷೇಪ ಬಾಕ್ಸ್ ಪ್ಲಾಟ್‌ಗೆ ಸ್ವಲ್ಪ ಒಪ್ಪುತ್ತದೆ, ಚುಕ್ಕಿಗಲ್ಲ. ಒಂದು ಚುಕ್ಕಿ ಒಂದು ತಾಲ್ಲೂಕು. ನನ್ನದು ಎಲ್ಲಿದೆ ಎಂದು ಯಾರು ಬೇಕಾದರೂ ಹುಡುಕಿಕೊಳ್ಳಬಹುದು. ಅನುದಾನ ಹಂಚಲು ಒಂದು ಸಂಖ್ಯೆ ಬೇಕೇ ಬೇಕು ಎಂಬ ಅಧಿಕಾರಿಗಳ ಮಾತಿಗೆ ಹೆಚ್ಚು ತೂಕವಿದೆ. ಸರಾಸರಿಯನ್ನು ಇಟ್ಟುಕೊಳ್ಳಲಿ, ಅದನ್ನು ಚುಕ್ಕಿಗಳ ನಡುವೆ ಒಂದು ಗೆರೆಯಾಗಿ ಎಳೆಯಲಿ. ತಾಲ್ಲೂಕುಗಳು ಒಡೆದು ಈಗ 200 ದಾಟಿವೆ. ಹಳೆಯ ಗಡಿಗಳಿಗೆ ಹೊಂದಿಸಿ, 2002ರ ಚುಕ್ಕಿಗಳ ಪಕ್ಕದಲ್ಲೇ ಇಂದಿನವನ್ನೂ ಇಟ್ಟರೆ, ಆ 114ರಲ್ಲಿ ಯಾವುವು ಗೆರೆ ದಾಟಿವೆ, ಯಾವುವು ಅಲ್ಲೇ ಉಳಿದಿವೆ ಎಂದು ಶಾಸಕರನ್ನು ಹೆಸರು ಹಿಡಿದು ಕೇಳಬಹುದು.