ನವಲಗುಂದದ ಜಮಖಾನೆಯೂ ಸುಶಿಕ್ಷಿತರ ಅಭಿರುಚಿಯೂ

ವಿನ್ಯಾಸವೆಂಬ ಶಬ್ದವು ಇತ್ತೀಚೆಗೆ ಸುಶಿಕ್ಷಿತರ ಬಾಯಲ್ಲಿ ಬಹಳವಾಗಿ ಓಡಾಡುತ್ತಿರುವದು. ಮನೆ ಕಟ್ಟಿಸುವವರು, ಪ್ರದರ್ಶನ ಏರ್ಪಡಿಸುವವರು, ಪುಸ್ತಕ ಅಚ್ಚು ಹಾಕಿಸುವವರು, ಕುರ್ಚಿ-ಕಪಾಟು ಕೊಳ್ಳುವವರು ಎಲ್ಲರೂ ಆ ಶಬ್ದವನ್ನೇ ಜಪಿಸುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ನಿತ್ಯ ಬಳಸುವ ವಸ್ತುವು ಉಪಯುಕ್ತವೂ ಸುಂದರವೂ ಆಗಿರಬೇಕೆಂದು ಜನರಿಗೆ ಅನಿಸತೊಡಗುವದು ಸಂಸ್ಕೃತಿಯ ಲಕ್ಷಣವು. ಆದರೆ ಆ ಶಬ್ದದ ಗೌರವವು ಯಾರಿಗೆ ಸಲ್ಲುತ್ತದೆಂಬದನ್ನು ನೋಡಿದರೆ ಸಂತೋಷವು ಅರ್ಧಕ್ಕೇ ನಿಲ್ಲುವದು. ದೂರದ ಪಟ್ಟಣದಲ್ಲಿ ಕಾಗದದ ಮೇಲೆ ಎಳೆದ ಗೆರೆಯು ವಿನ್ಯಾಸ. ನವಲಗುಂದದ ಹೆಣ್ಣುಮಗಳು ಮಗ್ಗದ ಮೇಲೆ ನೂಲಿನಿಂದ ಎಳೆದ ಗೆರೆಯು ಬರಿಯ ಕೈಕಸಬು. ಮೊದಲನೆಯದಕ್ಕೆ ಸಂಭಾವನೆ, ಎರಡನೆಯದಕ್ಕೆ ಅನುಕಂಪ. ಈ ಭೇದಕ್ಕೆ ಯಾವ ಆಧಾರವೂ ಇಲ್ಲ; ಇದ್ದರೆ ಅದು ಅಜ್ಞಾನವೊಂದೇ.

ನವಲಗುಂದದ ಜಮಖಾನೆಯನ್ನು ಎಷ್ಟು ಜನರು ಕಣ್ಣಿಟ್ಟು ನೋಡಿರುವರು? ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ವಲಸೆ ಬಂದ ನೇಕಾರ ಮನೆತನಗಳು ಇಲ್ಲಿ ನೆಲೆಸಿ ಈ ಕಸಬನ್ನು ಬೆಳೆಸಿದುವೆಂದು ಪ್ರತೀತಿಯಿದೆ. ನೇಯುವವರು ಮುಸಲ್ಮಾನ ಮನೆತನಗಳ ಹೆಂಗಸರು. ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು, ಹಾಸಿನ ಎಳೆಗಳ ನಡುವೆ ಬಣ್ಣದ ಹತ್ತಿಯ ಹೊಕ್ಕನ್ನು ಕೈಯಿಂದಲೇ ತೂರಿಸಿ, ಪಂಜವೆಂಬ ಹಲ್ಲಿನ ಉಪಕರಣದಿಂದ ಬಡಿದು ಬಿಗಿಮಾಡುವರು. ಹಾಸು-ಹೊಕ್ಕುಗಳು ಒಂದನ್ನೊಂದು ಲಂಬಕೋನದಲ್ಲಿ ದಾಟುವದರಿಂದ ಇಂಥ ನೇಯ್ಗೆಯಲ್ಲಿ ಬಾಗಿದ ಗೆರೆಯು ಸುಲಭವಾಗಿ ಬಾರದು. ಆ ಹೆಂಗಸರು ನೂಲಿನೊಡನೆ ಜಗಳ ಹೂಡಲಿಲ್ಲ. ನವಿಲನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರು. ಪಗಡೆಯ ಹಾಸಂತೂ ಚೌಕಗಳದೇ ಆದುದರಿಂದ ಮಗ್ಗಕ್ಕೆ ಹೇಳಿ ಮಾಡಿಸಿದ ಆಕೃತಿಯಾಯಿತು. ಸಾಧನದ ಮಿತಿಯನ್ನು ಅರಿತು, ಆ ಮಿತಿಯನ್ನೇ ಸೌಂದರ್ಯದ ಮೂಲವನ್ನಾಗಿ ಮಾಡಿಕೊಳ್ಳುವದು ವಿನ್ಯಾಸವಲ್ಲದಿದ್ದರೆ ಮತ್ತಾವುದು ವಿನ್ಯಾಸ?

ನವಲಗುಂದವು ಎರೆಭೂಮಿಯ ನಾಡು. ಹತ್ತಿಯೇ ಅದರ ಒಡಲು. ಅದೇ ಜಿಲ್ಲೆಯ ಪಶ್ಚಿಮಕ್ಕೆ ಮಲೆನಾಡಿನ ಸೆರಗಿನಂತಿರುವ ಕಲಘಟಗಿಯಲ್ಲಿ ಕಟ್ಟಿಗೆಯು ಮಾತನಾಡುವದು. ಅಲ್ಲಿಯ ತೊಟ್ಟಿಲು ಸಾಗವಾನಿಯದು. ಅರಗು ಬೆರೆತ ಬಣ್ಣಗಳಲ್ಲಿ ಕೃಷ್ಣನ ಬಾಲಲೀಲೆಗಳೂ ರಾಮಾಯಣ-ಭಾರತಗಳ ಪ್ರಸಂಗಗಳೂ ಅದರ ಪಟ್ಟಿಗಳ ಮೇಲೆ ಮೂಡುವವು. ತವರುಮನೆಯವರು ಚೊಚ್ಚಲು ಕೂಸಿಗೆ ಕೊಟ್ಟ ತೊಟ್ಟಿಲಲ್ಲಿ ಆ ಕೂಸಿನ ಮಕ್ಕಳೂ ಮಲಗುವರು. ಎರಡು-ಮೂರು ತಲೆಮಾರು ತೂಗಿದರೂ ಬಣ್ಣ ಬಿಡದ ವಸ್ತುವನ್ನು ಮಾಡಬಲ್ಲವನು ವಿನ್ಯಾಸಕಾರನಲ್ಲವೆಂದೂ, ಎರಡು ವರ್ಷಕ್ಕೆ ಸೀಳಿ ಹೋಗುವ ಪ್ಲಾಸ್ಟಿಕ್ ಸಾಮಾನಿಗೆ ಅಚ್ಚು ಕೊರೆದವನು ವಿನ್ಯಾಸಕಾರನೆಂದೂ ಹೇಳುವ ವಿವೇಕಕ್ಕೆ ಏನೆನ್ನಬೇಕು?

ಇವೆಲ್ಲ ಹಳೆಯ ಕಾಲದವು, ಬದಲಾಗಲಾರವು, ಆದುದರಿಂದ ಇಂದಿನ ವಿನ್ಯಾಸವೆನಿಸಲಾರವು ಎಂಬ ಆಕ್ಷೇಪವೊಂದುಂಟು. ಪಂಪನ ಊರೆಂದು ಅಣ್ಣಿಗೇರಿಯನ್ನು ಸ್ಮರಿಸುವ ಸಾಹಿತ್ಯಪ್ರೇಮಿಗಳು ಅಲ್ಲಿಯ ಅಮೃತೇಶ್ವರ ದೇವಾಲಯವನ್ನು ಒಮ್ಮೆ ಈ ದೃಷ್ಟಿಯಿಂದ ನೋಡತಕ್ಕದ್ದು. 1050ರ ಸುಮಾರಿಗೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಅದು ಎದ್ದಿತು. ಅದಕ್ಕೆ ಮೊದಲು ಬಾದಾಮಿ-ಪಟ್ಟದಕಲ್ಲುಗಳ ಶಿಲ್ಪಿಗಳು ದೊಡ್ಡ ದೊಡ್ಡ ಮರಳುಗಲ್ಲುಗಳನ್ನು ಹೇರಿ ಕಟ್ಟುತ್ತಿದ್ದರು. ಇಲ್ಲಿ ಮೃದುವಾದ ಬಳಪದ ಕಲ್ಲು ಕೈಗೆ ಬಂದಿತು. ಕಲ್ಲು ಬದಲಾದೊಡನೆ ಕೈಯೂ ಬದಲಾಯಿತು: ಕೆತ್ತನೆಯು ಸೂಕ್ಷ್ಮವಾಯಿತು, ಮೈಗೆ ನುಣುಪು ಬಂದಿತು, ಆ ಯುಗದ ಗುಡಿಗಳ ಕಂಬಗಳು ತಿಗರಿಯ ಮೇಲೆ ತಿರುಗಿಸಿದಂತೆ ದುಂಡಗಾದವು. ಆ ಶಿಲ್ಪಿಗಳು ತಮ್ಮ ಕಾಲಕ್ಕೆ ಅತ್ಯಂತ ನವೀನರಾಗಿದ್ದರು. ಪರಂಪರೆಯು ನಿಂತ ನೀರೆಂದು ತಿಳಿಯುವವರು ಪರಂಪರೆಯನ್ನು ಓದಿದವರಲ್ಲ. ಜಮಖಾನೆಯ ಆಕೃತಿಗಳು ಇಂದು ಬದಲಾಗದೆ ಉಳಿದಿದ್ದರೆ ಅದಕ್ಕೆ ಕಾರಣ ನೇಯುವವಳ ಬುದ್ಧಿಮಾಂದ್ಯವಲ್ಲ, ಕೇಳುವವರ ಬಡತನ. ಹೊಸದನ್ನು ಯಾರು ಕೇಳಿದರು? ಇಂಥ ಕೋಣೆಗೆ, ಇಂಥ ಅಳತೆಯಲ್ಲಿ, ಇಂಥ ಬಣ್ಣದಲ್ಲಿ ಬೇಕೆಂದು ಯಾವ ಮನೆಯವರು ಅವಳ ಹೊಸ್ತಿಲಿಗೆ ಹೋಗಿ ಹೇಳಿದರು?

ವಿನ್ಯಾಸವೆಂಬದು ಪಶ್ಚಿಮದಿಂದ ಬಂದ ವಿದ್ಯೆಯೆಂದು ನಂಬಿದವರು ಪಶ್ಚಿಮದವರ ಮಾತನ್ನಾದರೂ ಕೇಳಬಾರದೆ? ಭಾರತ ಸರಕಾರದ ಆಮಂತ್ರಣದ ಮೇರೆಗೆ ಬಂದ ಅಮೇರಿಕೆಯ ಚಾರ್ಲ್ಸ್ ಹಾಗೂ ರೇ ಈಮ್ಸ್ ದಂಪತಿಗಳು 1958ರಲ್ಲಿ ತಮ್ಮ ವರದಿಯನ್ನು ಒಪ್ಪಿಸಿದರು. ಅದರಲ್ಲಿ ಉತ್ತಮ ವಿನ್ಯಾಸದ ಮಾದರಿಯೆಂದು ಅವರು ಎತ್ತಿ ತೋರಿಸಿದ್ದು ಅರಮನೆಯನ್ನಲ್ಲ, ಯಂತ್ರವನ್ನಲ್ಲ, ಮನೆಮನೆಯ ನೀರಿನ ತಂಬಿಗೆಯನ್ನು! ಆ ವರದಿಯ ಪ್ರೇರಣೆಯಿಂದಲೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು. ಈ ದೇಶದ ಆಧುನಿಕ ವಿನ್ಯಾಸಶಿಕ್ಷಣದ ಗಂಗೋತ್ರಿಯಲ್ಲಿ ಒಂದು ತಂಬಿಗೆ ಇದೆಯೆಂಬದನ್ನು ಸುಶಿಕ್ಷಿತರು ಮರೆಯಲಾಗದು.

ಇನ್ನೊಂದು ನಿದರ್ಶನವು ಮಗ್ಗಕ್ಕೆ ಇನ್ನೂ ಸಮೀಪವಾದುದು. 1919ರಲ್ಲಿ ಜರ್ಮನಿಯ ವೈಮಾರ್ ಪಟ್ಟಣದಲ್ಲಿ ಆರಂಭವಾಗಿ 1933ರಲ್ಲಿ ಮುಚ್ಚಿದ ಬೌಹೌಸ್ ಶಾಲೆಯನ್ನು ಜಗತ್ತಿನ ವಿನ್ಯಾಸಕಾರರೆಲ್ಲ ಗುರುಪೀಠವೆಂದು ಮನ್ನಿಸುತ್ತಾರೆ. ಆ ಶಾಲೆಯೂ ಹೆಣ್ಣುಮಕ್ಕಳನ್ನು ಹೆಚ್ಚಾಗಿ ನೇಯ್ಗೆಯ ವಿಭಾಗಕ್ಕೇ ತಳ್ಳಿತು. ಹಾಗೆ ಮಗ್ಗದ ಮುಂದೆ ಕುಳಿತವರಲ್ಲಿ ಆನಿ ಆಲ್ಬರ್ಸ್ ಎಂಬಾಕೆಯು ಒಬ್ಬಳು. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯವು ಆಕೆಯೊಬ್ಬಳ ಕೃತಿಗಳದೇ ಪ್ರದರ್ಶನವನ್ನು ಏರ್ಪಡಿಸಿತು. ನೇಯ್ಗೆಯ ಕಲಾವಿದರೊಬ್ಬರಿಗೆ ಅಲ್ಲಿ ಅಂಥ ಗೌರವ ದೊರೆತದ್ದು ಅದೇ ಮೊದಲು. ಚೌಕ, ಪಟ್ಟೆ, ಮೆಟ್ಟಿಲುಗಳ ಅದೇ ಮಗ್ಗದ ಭಾಷೆಯನ್ನು ನವಲಗುಂದದವರು ಎಷ್ಟೋ ಮೊದಲಿನಿಂದ ನುಡಿಯುತ್ತಲಿದ್ದಾರೆ. ಆಕೆಗೂ ಇವರಿಗೂ ಇರುವ ದೊಡ್ಡ ಅಂತರವಾದರೂ ಯಾವುದು? ಆಕೆಗೆ ಹೆಸರಿದೆ, ಇವರಿಗೆ ಹೆಸರಿಲ್ಲ.

ಎಲ್ಲ ಅನ್ಯಾಯದ ಬೇರು ಇಲ್ಲಿದೆ. ಅಚ್ಚಾದ ಪುಸ್ತಕದ ಮೇಲೆ ಮುದ್ರಕನ ಹೆಸರೂ ಅಚ್ಚಾದ ಸ್ಥಳವೂ ಇರಬೇಕೆಂದು 1867ರ ಕಾನೂನು ವಿಧಿಸಿತ್ತು. ಹೆಸರಿಲ್ಲದ ಪುಸ್ತಕವನ್ನು ಕಂಡರೆ ಓದುಗನು ಇಂದಿಗೂ ಸಂಶಯ ಪಡುವನು. ಹೆಸರಿಲ್ಲದ ಜಮಖಾನೆಯನ್ನು ಮಾತ್ರ ಯಾರೂ ಸಂಶಯಿಸುವದಿಲ್ಲ. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ದೊರೆತಿದೆ, ಒಳಿತಾಯಿತು. ಆದರೆ ಆ ಸೂಚಿಕೆಯು ಕಾಯುವದು ಊರಿನ ಹೆಸರನ್ನು, ನೇಯ್ದವಳ ಹೆಸರನ್ನಲ್ಲ. ಪ್ರದರ್ಶನಗಳ ಕಥೆಯೂ ಅಷ್ಟೇ. ಗೋಡೆಗೆ ತೂಗುಹಾಕುತ್ತಾರೆ, ದೀಪ ಹಚ್ಚುತ್ತಾರೆ, ಅಳಿವಿನ ಅಂಚಿನ ಕಲೆಯೆಂದು ಕಣ್ಣೀರು ಸುರಿಸುತ್ತಾರೆ, ಮುಟ್ಟಬಾರದೆಂದು ಹಲಗೆ ಇಡುತ್ತಾರೆ. ಮುಟ್ಟಬಾರದ ಜಮಖಾನೆಯು ಜಮಖಾನೆಯೇ? ಅದು ಹಾಸಿ ಕೂಡುವದಕ್ಕಾಗಿ ಹುಟ್ಟಿದ ವಸ್ತು. ಬಳಕೆಯಿಂದ ಬಿಡಿಸಿ ಗೋಡೆಗೇರಿಸುವದು ಮರ್ಯಾದೆಯ ಮಾತಿನಲ್ಲಿ ಮಾಡುವ ಉತ್ತರಕ್ರಿಯೆ.

ಬೆಲೆ ಹೆಚ್ಚೆಂಬ ಆಕ್ಷೇಪವನ್ನೂ ವಿಚಾರಿಸೋಣವಾಗಲಿ. ದಿನಗಟ್ಟಲೆ ಕುಳಿತು ನೇಯ್ದುದಕ್ಕೆ ಯಂತ್ರದ ಚಾಪೆಯ ಬೆಲೆಯನ್ನು ಹೋಲಿಸುವದು ನ್ಯಾಯವಲ್ಲ. ಎಲ್ಲ ಮನೆಗಳಿಗೂ ಕೊಳ್ಳುವ ಶಕ್ತಿ ಇಲ್ಲವೆಂಬದು ನಿಜ. ಅಂಥವರ ಮೇಲೆ ಯಾವ ದೋಷವೂ ಇಲ್ಲ. ಆದರೆ ಲಗ್ನದ ಮಂಟಪಕ್ಕೆ ಒಂದು ದಿನದ ಅಲಂಕಾರಕ್ಕಾಗಿ ಸಾವಿರಾರು ರೂಪಾಯಿ ಸುರಿದು ಮರುದಿನ ತಿಪ್ಪೆಗೆ ಹಾಕುವ ಮನೆತನವು ಜಮಖಾನೆಯ ಮುಂದೆ ಚೌಕಾಶಿಗೆ ನಿಲ್ಲುವದು ಬಡತನವಲ್ಲ, ಅಭಿರುಚಿಯ ದಿವಾಳಿ.

ಮತ್ತೊಂದು ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಮಗಳು ಮದುವೆಯಾಗಿ ಪರಮನೆಗೆ ಹೋಗುವಳೆಂದು ಈ ವಿದ್ಯೆಯನ್ನು ಸೊಸೆಗೇ ಕಲಿಸುವ ರೂಢಿ ಇದ್ದಿತೆನ್ನುತ್ತಾರೆ. ಇಂದು ಸೊಸೆಯಂದಿರೂ ಬೇರೆ ಕೆಲಸ ಹುಡುಕುವರು. ಮಗ್ಗಗಳು ಕಡಿಮೆಯಾಗುತ್ತ ಬಂದಿವೆ. ಪರಂಪರೆಯ ಹೆಸರಿನಲ್ಲಿ ಅವರನ್ನು ಮಗ್ಗಕ್ಕೆ ಕಟ್ಟಿಹಾಕಬೇಕೆಂದು ಯಾರೂ ಹೇಳಲಾಗದು. ಬೆನ್ನು ಬಾಗುವಷ್ಟು ದುಡಿದು ಹೊಟ್ಟೆ ತುಂಬದಿದ್ದರೆ ಅವರು ಬಿಟ್ಟುಹೋಗುವದೇ ಸರಿ. ತನ್ನ ಮಗಳನ್ನು ಎಂಜಿನಿಯರಿಂಗಿಗೆ ಕಳಿಸಿ, ನೇಕಾರಳ ಮಗಳು ಮಾತ್ರ ಸಂಸ್ಕೃತಿಯನ್ನು ಕಾಯಬೇಕೆನ್ನುವ ಗೃಹಸ್ಥನ ಉಪದೇಶಕ್ಕೆ ಕವಡೆಯ ಬೆಲೆಯೂ ಇಲ್ಲ. ಅವಳನ್ನು ನಿಲ್ಲಿಸಬಲ್ಲದ್ದು ಉಪದೇಶವಲ್ಲ, ವಿನ್ಯಾಸಕಾರಳಿಗೆ ಸಲ್ಲುವ ಕೂಲಿ ಮತ್ತು ವಿನ್ಯಾಸಕಾರಳಿಗೆ ಸಲ್ಲುವ ಹೆಸರು.

ಈ ಕಾರ್ಯಕ್ಕೆ ಸರಕಾರದ ದಾರಿ ಕಾಯಬೇಕಾಗಿಲ್ಲ. ಸಾಹಿತ್ಯ ಸಂಘಗಳೇ ಮೊದಲು ತಮ್ಮ ವೇದಿಕೆಯನ್ನು ನೋಡಿಕೊಳ್ಳಲಿ. ಕನ್ನಡದ ಸಂಸ್ಕೃತಿಯನ್ನು ಕುರಿತ ಭಾಷಣವು ನಡೆಯುವದು ಪ್ಲಾಸ್ಟಿಕ್ ಕುರ್ಚಿಗಳ ನಡುವೆ, ಫ್ಲೆಕ್ಸಿನ ಹಲಗೆಯ ಕೆಳಗೆ. ಆ ಹಲಗೆಯ ಮೇಲೆ ಅಕ್ಷರಗಳು ಒಂದರ ಮೇಲೊಂದು ಬಿದ್ದಿರುವವು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವದರಿಂದ ಸಾಲುಗಳ ನಡುವೆ ಹೆಚ್ಚು ಬಯಲು ಬೇಕೆಂಬ ಸಣ್ಣ ಮಾತನ್ನೂ ಅಕ್ಷರಪ್ರೇಮಿಗಳು ವಿಚಾರಿಸುವದಿಲ್ಲ. ಅತಿಥಿಗೆ ಶಾಲು, ಹಾರ, ಗಾಜಿನ ಪೆಟ್ಟಿಗೆಯ ಸ್ಮರಣಿಕೆ. ಅದರ ಬದಲು ವೇದಿಕೆಯ ಮೇಲೆ ಒಂದು ಜಮಖಾನೆ ಹಾಸಲಿ; ಅತಿಥಿಗೂ ಒಂದು ಸಣ್ಣ ಜಮಖಾನೆಯನ್ನೇ ಕೊಡಲಿ. ಅದರ ಅಂಚಿಗೆ ಒಂದು ಚೀಟಿ ಹೊಲಿದಿರಲಿ. ನೇಯ್ದವಳು ಒಪ್ಪಿದರೆ ಅವಳ ಹೆಸರು, ಊರು, ಅಳತೆ, ನೇಯ್ದ ವರ್ಷ ಇವು ಓದಲು ಬರುವಂಥ ಒಳ್ಳೆಯ ಕನ್ನಡ ಅಕ್ಷರಗಳಲ್ಲಿ ಅಚ್ಚಾಗಿರಲಿ. ಕಲಘಟಗಿಯ ತೊಟ್ಟಿಲಿಗೂ ಹೀಗೆಯೇ ಆಗಲಿ.

ಮನೆಯ ಹೊಸ ಕೋಣೆಗೆ ಹಾಸು ಬೇಕಾದಾಗ ಗೃಹಿಣಿಯು ಅಳತೆಯ ಪಟ್ಟಿಯನ್ನು ಹಿಡಿದು ನವಲಗುಂದಕ್ಕೆ ಹೋಗಲಿ. ಬಣ್ಣವನ್ನು ಚರ್ಚಿಸಲಿ, ಬೇಡವಾದುದನ್ನು ಬೇಡವೆನ್ನಲಿ, ಹೊಸದನ್ನು ಕೇಳಲಿ, ಕೇಳಿದುದಕ್ಕೆ ತಕ್ಕ ಹಣವನ್ನು ಎಣಿಸಲಿ. ವಿನ್ಯಾಸಕಾರನೊಡನೆ ವ್ಯವಹರಿಸುವ ರೀತಿಯೇ ಅದು. ಮನೆಗೆ ಬಂದವರು ನೆಲದ ಮೇಲಿನ ನವಿಲನ್ನು ನೋಡಿ, ಇದನ್ನು ಯಾರು ನೇಯ್ದರೆಂದು ಕೇಳಿದಾಗ, ಆ ಮನೆಯ ಕೂಸಿಗೂ ಉತ್ತರ ಗೊತ್ತಿರಲಿ.